‘ಗಾಂಜಾ ಮತ್ತಿನಲ್ಲಿ’ ಅಂತ ಬರೆಯುವ ಮೊದಲು

ಪ್ರಶ್ನೆ: ನಾನು ಗದಗದವಳು. ಮೂರು ವರ್ಷದಿಂದ ಹುಬ್ಬಳ್ಳಿಯಲ್ಲಿ ಕ್ರೈಂ ವರದಿಗಾರ್ತಿ. ಎರಡು ತಿಂಗಳ ಹಿಂದೆ ಬಸ್ ನಿಲ್ದಾಣದ ಹತ್ತಿರ 22 ವರ್ಷದ ಹುಡುಗನೊಬ್ಬ ಅಂಗಡಿಯ ಗಾಜು ಒಡೆದ. ಯಾರಿಗೂ ಪೆಟ್ಟಾಗಲಿಲ್ಲ. ‘ಗಾಂಜಾ ಕೇಸು ಮೇಡಂ’ ಅಂತ ಠಾಣೆಯಲ್ಲಿ ಹೇಳಿದರು. ‘ಗಾಂಜಾ ಮತ್ತಿನಲ್ಲಿ ಯುವಕನ ಹುಚ್ಚಾಟ’ ಅಂತ ಫೋಟೊ ಸಮೇತ ಬರೆದೆ. ಹದಿನೈದು ದಿನದ ಮೇಲೆ ಅವನ ತಾಯಿ ಫೋನ್ ಮಾಡಿ ಅತ್ತರು. ಮಗನಿಗೆ ಮೊದಲಿಂದಲೂ ಆರಾಮ ಇರಲಿಲ್ಲ ಅಂದರು. ಸುದ್ದಿ ಇನ್ನೂ ಮೊಬೈಲ್‌ನಲ್ಲಿ ಬರುತ್ತಿದೆ, ತೆಗೆಸವ್ವಾ ಅಂದರು. ನಾನು ತಪ್ಪು ಮಾಡಿದೆನಾ ಸರ್? ಗಾಂಜಾದಿಂದ ತಲೆ ಕೆಡುವುದು ನಿಜ ಅಲ್ವಾ? ನಿಜವಾದರೆ ಬರೆಯಲೇಬೇಕಲ್ಲ? ಹೇಗೆ ಬರೆಯಬೇಕು?

ಉತ್ತರ: ಬರೆದು ಎರಡು ತಿಂಗಳಾದ ಮೇಲೂ ಮನಸ್ಸಿಗೆ ಹಚ್ಚಿಕೊಂಡು ಕೇಳಿದ್ದೀರಿ. ನಿಮ್ಮ ಪತ್ರ ಓದಿ ನನಗೆ ಧೈರ್ಯ ಬಂತು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಸುದ್ದಿ ಮಾಡಿದ್ದು ತಪ್ಪಲ್ಲ. ಅಂಗಡಿಯ ಗಾಜು ಒಡೆದಿದೆ, ಜನ ಹೆದರಿದ್ದಾರೆ, ಅದು ಸುದ್ದಿಯೇ. ತಪ್ಪಾಗಿದ್ದು ತಲೆಬರಹದಲ್ಲಿ ಮತ್ತು ಫೋಟೊದಲ್ಲಿ. ‘ಗಾಂಜಾ ಮತ್ತಿನಲ್ಲಿ’ ಅಂದರೆ ಕಾರಣ ಇದೇ ಅಂತ ತೀರ್ಪು ಕೊಟ್ಟ ಹಾಗೆ. ಆ ಸಂಜೆ ಅವನನ್ನು ಪರೀಕ್ಷೆ ಮಾಡಿದವರು ಠಾಣೆಯಲ್ಲಿ ಯಾರೂ ಇರಲಿಲ್ಲ. ನಾನು ಧಾರವಾಡದಲ್ಲಿ ಇಪ್ಪತ್ತು ವರ್ಷದ ಮೇಲಾಯಿತು ಮನೋವೈದ್ಯನಾಗಿ. ಇಂಥ ಹುಡುಗ ಎದುರು ಬಂದು ಕೂತರೆ ನನಗೂ ಕಾರಣ ಹೇಳಲು ಕೆಲವು ವಾರ ಬೇಕು.

ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಗುರುತು ಸಿಗಬಾರದು ಅಂತ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ. ಮಗನನ್ನು ಕರೆದುಕೊಂಡು ಹಳ್ಳಿಯಿಂದ ಬಂದಿದ್ದರು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರಲ್ಲಿ ಆಧಾರ್ ಜೆರಾಕ್ಸ್, ಊರ ಡಾಕ್ಟರ ಗುಳಿಗೆ ಚೀಟಿ, ನಾಲ್ಕು ಮಡಿಕೆ ಮಾಡಿದ ಪೇಪರ್ ಕಟಿಂಗ್. ಕಟಿಂಗ್ ಬಿಚ್ಚಿ ನನ್ನ ಟೇಬಲ್ ಮೇಲೆ ಕೈಯಿಂದ ಸಾಪಾಗಿ ಸವರಿ ಇಟ್ಟರು. ಮಗನ ಫೋಟೊ, ಮೇಲೆ ನೀವು ಬರೆದಂಥದ್ದೇ ತಲೆಬರಹ. ‘ಇದನ್ನ ಯಾಕ ತಂದೀರಿ ಅವ್ವಾ?’ ಅಂದೆ. ‘ಡಾಕ್ಟರ್ ಕೇಳಿದ್ರ ತೋರಸ್ಬೇಕಲ್ರಿ. ಮಗಗ ಏನಾಗೇತಿ ಅಂತ ಇದರಾಗ ಬರದಾರಂತ’ ಅಂದರು. ಅವರಿಗೆ ಓದು ಬರುತ್ತಿರಲಿಲ್ಲ. ಪೇಪರಿನ ಆ ತುಂಡು ಅವರ ಪಾಲಿಗೆ ವೈದ್ಯರ ವರದಿ ಇದ್ದ ಹಾಗೆ.

ನಾನು ಆ ತಾಯಿಗೆ ‘ಯಾಕೆ ಹೀಗಾಯಿತು’ ಅಂತ ಕೇಳಲಿಲ್ಲ. ‘ಯಾವಾಗಿಂದ’ ಅಂತ ಕೇಳಿದೆ. ನಮ್ಮ ಕಡೆ ತಾರೀಖು ಕೇಳಿದರೆ ಜನ ತಡವರಿಸುತ್ತಾರೆ, ಹಬ್ಬ ಕೇಳಿದರೆ ತಟ್ಟನೆ ಹೇಳುತ್ತಾರೆ. ‘ದೀಪಾವಳಿ ಮುಂದ ಅವನ ನಿದ್ದಿ ಹೋತ್ರಿ’ ಅಂದರು. ಆಮೇಲೆ ಮನೆಯ ರೊಟ್ಟಿಯಲ್ಲಿ ಏನೋ ಬೆರೆಸುತ್ತಾರೆ ಅಂತ ಹೊರಗೆ ತಿನ್ನತೊಡಗಿದ. ಮೊಬೈಲಿನ ಸಿಮ್ ತೆಗೆದು ಹಿತ್ತಲಲ್ಲಿ ಹೂತಿಟ್ಟ, ಯಾರೋ ಕೇಳಿಸಿಕೊಳ್ಳುತ್ತಾರೆ ಅಂತ. ಸಂಕ್ರಮಣ ಆದ ಮೇಲೆ ಗೆಳೆಯನೊಬ್ಬ ಗಾಂಜಾ ಕೊಟ್ಟ. ಸೇದಿದರೆ ನಿದ್ದೆ ಬರುತ್ತದೆ ಅನ್ನಿಸಿತು, ದಿನಾ ಶುರುವಾಯಿತು. ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ಜಾಸ್ತಿ ಆದವು. ಗಲಾಟೆ ಆಗಿ ಪೇಪರಿಗೆ ಬಂದದ್ದು ಯುಗಾದಿ ಮುಗಿದ ವಾರ.

ನೋಡಿ, ಕಾಯಿಲೆ ದೀಪಾವಳಿಗೆ ಬಂತು, ಗಾಂಜಾ ಸಂಕ್ರಮಣಕ್ಕೆ ಬಂತು. ಪೇಪರಿನಲ್ಲಿ ಗಾಂಜಾ ಮಾತ್ರ ಇತ್ತು. ಹಾಗಂತ ಗಾಂಜಾದ್ದೇನೂ ಪಾಲಿಲ್ಲ ಅಂತಲೂ ನಾನು ಹೇಳಲಾರೆ. ಕಾಯಿಲೆಯನ್ನು ಅದು ಜೋರು ಮಾಡಿತು. ಗುಳಿಗೆ ಕೊಟ್ಟ ಮೇಲೂ ಅವನು ಸೇದುವುದು ಬಿಡುವ ತನಕ ಪೂರ್ತಿ ಆರಾಮಾಗಲಿಲ್ಲ.

ಇನ್ನೊಬ್ಬನ ಕಥೆ ಬೇರೆ. ಇಲ್ಲೇ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದವನು. ಹದಿನೈದನೇ ವಯಸ್ಸಿನಿಂದ ಸೇದುತ್ತಿದ್ದ, ಹದಿನೇಳಕ್ಕೆ ದಿನಾ. ಸೋದರಮಾವನಿಗೆ ಸ್ಕಿಜೋಫ್ರೇನಿಯಾ, ಅಂದರೆ ಬುದ್ಧಿಭ್ರಮಣೆ ಬಹಳ ಕಾಲ ಕಾಡುವ ಮನೋರೋಗ, ಇತ್ತು. ಸೇದುವ ಮೊದಲು ಹುಡುಗ ಚೆನ್ನಾಗಿದ್ದ, ಓದಿನಲ್ಲಿ ಮುಂದಿದ್ದ. ಹತ್ತೊಂಬತ್ತಕ್ಕೆ ಸಂಶಯ, ಭ್ರಮೆ ಶುರುವಾದವು. ಇವನ ಕಾಯಿಲೆಯಲ್ಲಿ ಗಾಂಜಾದ ಪಾಲು ದೊಡ್ಡದು ಅಂತ ನಾನೇ ಹೇಳುತ್ತೇನೆ. ಪೇಪರಿಗೆ ಬಂದಿದ್ದರೆ ಇಬ್ಬರಿಗೂ ಒಂದೇ ತಲೆಬರಹ ಬೀಳುತ್ತಿತ್ತು.

ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ಗಾಂಜಾಕ್ಕೂ ಬುದ್ಧಿಭ್ರಮಣೆಗೂ (ಇಲ್ಲದ ದನಿ ಕೇಳುವುದು, ಆಧಾರವಿಲ್ಲದ ಸಂಶಯ, ಭ್ರಮೆ) ನಂಟು ಇದೆ. ಇದರಲ್ಲಿ ನನಗೆ ಅನುಮಾನ ಇಲ್ಲ. ಸ್ವೀಡನ್‌ನಲ್ಲಿ 1969–70ರಲ್ಲಿ ಸೇನಾ ತರಬೇತಿಗೆ ಬಂದ 45,000ಕ್ಕೂ ಹೆಚ್ಚು ಯುವಕರನ್ನು 15 ವರ್ಷ ಗಮನಿಸಿದರು. ಮೊದಲೇ ಐವತ್ತಕ್ಕಿಂತ ಹೆಚ್ಚು ಸಲ ಸೇದಿದ್ದವರಲ್ಲಿ ಮುಂದೆ ಸ್ಕಿಜೋಫ್ರೇನಿಯಾ ಬಂದದ್ದು, ಸೇದದವರಿಗಿಂತ ಆರು ಪಟ್ಟು. 1987ರಲ್ಲಿ ಇದು ಪ್ರಕಟವಾದಾಗ ದೊಡ್ಡ ಸುದ್ದಿಯಾಯಿತು. ಆದರೆ ಮೊದಲೇ ಇದ್ದ ಮಾನಸಿಕ ತೊಂದರೆ, ಮನೆಯ ಪರಿಸ್ಥಿತಿ ಇವನ್ನು ಲೆಕ್ಕಕ್ಕೆ ಹಿಡಿದಾಗ ಆ ಆರು ಪಟ್ಟು ಅರ್ಧಕ್ಕಿಂತಲೂ ಕೆಳಗೆ ಇಳಿಯಿತು. ಇಳಿದರೂ ಸೊನ್ನೆ ಆಗಲಿಲ್ಲ. 2019ರಲ್ಲಿ ಯುರೋಪ್ ಮತ್ತು ಬ್ರೆಜಿಲ್‌ನ 11 ಕಡೆ ನಡೆದ ಅಧ್ಯಯನದಲ್ಲೂ ದಿನಾ ಸೇದುವವರಲ್ಲಿ ಬುದ್ಧಿಭ್ರಮಣೆಯ ಸಂಭವ ಸುಮಾರು ಮೂರು ಪಟ್ಟು ಕಂಡಿತು. ಕಡು ಮಾಲನ್ನು ದಿನಾ ಸೇದುವವರಲ್ಲಿ ಸುಮಾರು ಐದು ಪಟ್ಟು. ಕಡು ಅಂದರೆ ಅಮಲು ತರುವ ಟಿಎಚ್‌ಸಿ ಅಂಶ ನೂರಕ್ಕೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ಇರುವುದು.

‘ಮೂರು ಪಟ್ಟು’ ಅಂತ ಬರೆದರೆ ಓದುಗರಿಗೆ ಏನು ಅನ್ನಿಸುತ್ತದೆ? ಸೇದಿದವರೆಲ್ಲ ಹುಚ್ಚರಾಗುತ್ತಾರೆ ಅಂತ ಅನ್ನಿಸುತ್ತದೆ. ಲೆಕ್ಕ ಪೂರ್ತಿ ಕೊಡಿ. ಸ್ಕಿಜೋಫ್ರೇನಿಯಾ ಇಡೀ ಬದುಕಿನಲ್ಲಿ ನೂರು ಜನರಲ್ಲಿ ಹೆಚ್ಚೆಂದರೆ ಒಬ್ಬರಿಗೆ ಬರುವ ಕಾಯಿಲೆ. ಅದು ಮೂರು ಪಟ್ಟಾಯಿತು ಅನ್ನಿ. ನೂರರಲ್ಲಿ ಮೂವರು. ಉಳಿದ 97 ಜನರಿಗೆ ಬರುವುದಿಲ್ಲ. ಈ ಲೆಕ್ಕ ಕೊಡದಿದ್ದರೆ ಏನಾಗುತ್ತದೆ ಗೊತ್ತಾ? ಹಾಸ್ಟೆಲ್ ಹುಡುಗ ನಿಮ್ಮ ಸುದ್ದಿ ಓದುತ್ತಾನೆ. ಸೇದಿಯೂ ಆರಾಮಿರುವ ತನ್ನ ಆರು ಗೆಳೆಯರನ್ನು ನೋಡುತ್ತಾನೆ. ಪೇಪರಿನವರು ಸುಮ್ನೆ ಹೆದರಿಸುತ್ತಾರೆ ಅಂದುಕೊಳ್ಳುತ್ತಾನೆ. ಆಮೇಲೆ ನೀವು ಬರೆದ ನಿಜವನ್ನೂ ಅವನು ನಂಬುವುದಿಲ್ಲ. ಆ ಮೂವರಲ್ಲಿ ಅವನೇ ಒಬ್ಬ ಆಗಿರಬಹುದು. ಅಪಾಯ ಜಾಸ್ತಿ ಇರುವುದು ಚಿಕ್ಕ ವಯಸ್ಸಿನಲ್ಲಿ ಶುರು ಮಾಡಿದವರಿಗೆ, ದಿನಾ ಸೇದುವವರಿಗೆ, ಮನೆತನದಲ್ಲಿ ಇಂಥ ಕಾಯಿಲೆ ಇರುವವರಿಗೆ. ಈ ಒಂದು ಸಾಲನ್ನು ಪ್ರತಿ ಗಾಂಜಾ ಸುದ್ದಿಯ ಕೆಳಗೂ ಹಾಕಿ ಅಂತ ನಾನು ಬೇಡಿಕೊಳ್ಳುತ್ತೇನೆ. ನೂರು ‘ಗಾಂಜಾ ಘಾಟು’ ತಲೆಬರಹಗಳಿಗಿಂತ ಅದರಿಂದ ಉಪಯೋಗ ಹೆಚ್ಚು.

ಇದಕ್ಕೆ ಉಲ್ಟಾ ತಪ್ಪೂ ಇದೆ. ‘ಗಾಂಜಾ ಇಳಿದ ಮೇಲೆ ಸರಿ ಹೋಗ್ತಾನೆ’ ಅನ್ನುವುದು. ಸೇದಿದ ಹೊತ್ತಿನ ಗಾಬರಿ, ಎದೆ ಬಡಿತ, ಸಂಶಯ ಕೆಲವು ತಾಸಿನಲ್ಲಿ ಇಳಿಯುತ್ತವೆ, ಅದು ಸರಿ. ಆದರೆ ಕೆಲವರಲ್ಲಿ ಭ್ರಮೆ ದಿನಗಟ್ಟಲೆ, ವಾರಗಟ್ಟಲೆ ಉಳಿಯುತ್ತದೆ. ಡೆನ್ಮಾರ್ಕ್‌ನಲ್ಲಿ ಹೀಗೆ ಗಾಂಜಾದಿಂದ ಬುದ್ಧಿಭ್ರಮಣೆ ಬಂದು ಆಸ್ಪತ್ರೆ ಸೇರಿದವರ ದಾಖಲೆಗಳನ್ನು ವರ್ಷಗಟ್ಟಲೆ ನೋಡಿದರು. 2018ರಲ್ಲಿ ಬಂದ ಆ ವರದಿ ಪ್ರಕಾರ ಸುಮಾರು ಅರ್ಧದಷ್ಟು ಜನರಿಗೆ ಮುಂದೆ ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಕಾಯಿಲೆ (ಮನಸ್ಸು ಕೆಲವು ಕಾಲ ಅತಿ ಉತ್ಸಾಹಕ್ಕೆ, ಕೆಲವು ಕಾಲ ಅತಿ ಖಿನ್ನತೆಗೆ ಹೋಗುವುದು) ಬಂತು. ಅಂದರೆ ಅಂಥ ಹುಡುಗ ಆರಾಮಾಗಿ ಮನೆಗೆ ಹೋದ ಮೇಲೂ ಆಸ್ಪತ್ರೆಗೆ ಬರುತ್ತಿರಬೇಕು. ಪೇಪರಿನಲ್ಲಿ ‘ಗಾಂಜಾ’ ಅಂತ ಮುದ್ರೆ ಬಿದ್ದ ಮೇಲೆ ಮನೆಯವರು ಅದನ್ನು ಬರೀ ಚಟ ಅಂದುಕೊಳ್ಳುತ್ತಾರೆ. ಬೈಯುತ್ತಾರೆ, ಕೋಣೆಗೆ ಹಾಕುತ್ತಾರೆ, ಬೇಗ ಮದುವೆ ಮಾಡಿದರೆ ಸರಿಹೋಗುತ್ತಾನೆ ಅನ್ನುತ್ತಾರೆ. ಗುಳಿಗೆ ನಿಂತುಹೋಗುತ್ತದೆ. ನನಗೆ ಹೆಚ್ಚು ಸಂಕಟ ಆಗುವುದು ಇಲ್ಲೇ.

ಪೊಲೀಸರ ಪರೀಕ್ಷೆ ಬಗ್ಗೆ ಒಂದು ಮಾತು ನಿಮಗೆ ಗೊತ್ತಿರಲಿ. ಮೂತ್ರ ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೆ ‘ಮತ್ತಿನಲ್ಲಿದ್ದ’ ಅಂತ ಅರ್ಥ ಅಲ್ಲ. ಗಾಂಜಾದ ಅಂಶ ಮೈಯ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನಕ್ಕೆ ಹೊರಗೆ ಬರುತ್ತದೆ. ಒಮ್ಮೆ ಸೇದಿದವನಲ್ಲಿ ಎರಡು ಮೂರು ದಿನ ಸಿಗಬಹುದು. ದಿನಾ ಸೇದುವವನಲ್ಲಿ ಬಿಟ್ಟು ಒಂದು ತಿಂಗಳಾದರೂ ಸಿಗಬಹುದು. ಹಾಗಾಗಿ ‘ಪರೀಕ್ಷೆಯಲ್ಲಿ ಗಾಂಜಾ ಸೇವನೆ ದೃಢ’ ಅಂತ ಬರೆಯಬಹುದು. ‘ಮತ್ತಿನಲ್ಲಿ ಕೃತ್ಯ’ ಅಂತ ಆ ಚೀಟಿಯಿಂದ ಬರೆಯಲು ಬರುವುದಿಲ್ಲ. ಮದ್ಯ ಕುಡಿದಿದ್ದನಾ ಅಂತಲೂ ಕೇಳಿ. ಅದನ್ನು ಕೇಳುವವರೇ ಕಡಿಮೆ. 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯಲ್ಲಿ ಮದ್ಯ ಕುಡಿಯುವವರು ನೂರಕ್ಕೆ 14.6. ಭಂಗಿ, ಗಾಂಜಾ, ಚರಸ್ ಎಲ್ಲ ಸೇರಿಸಿದರೂ 2.8. ನನ್ನ ವಾರ್ಡಿನಲ್ಲೂ ಮದ್ಯದಿಂದ ಹಾಳಾದವರೇ ಜಾಸ್ತಿ.

ಠಾಣೆಯ ಮಾತನ್ನೇ ಕಾರಣ ಅಂತ ಬರೆದುಕೊಳ್ಳುವುದು ಹೊಸದೇನಲ್ಲ. 1893ರಲ್ಲಿ ಬ್ರಿಟಿಷ್ ಸರ್ಕಾರ ಗಾಂಜಾ, ಭಂಗಿ, ಚರಸ್ ಬಗ್ಗೆ ಒಂದು ಆಯೋಗ ನೇಮಿಸಿತು. ಆಗ ದೇಶದ ಹುಚ್ಚಾಸ್ಪತ್ರೆಗಳ ದಾಖಲೆಗಳಲ್ಲಿ ಎಷ್ಟೋ ರೋಗಿಗಳ ಹೆಸರಿನ ಮುಂದೆ, ಕಾರಣದ ಕಾಲಂನಲ್ಲಿ, ಗಾಂಜಾ ಅಂತ ಇತ್ತು. ಆಯೋಗದವರು ಒಂದೊಂದೇ ಕೇಸು ಕೆದಕಿದರು. ರೋಗಿಯನ್ನು ಕಳಿಸುವಾಗ ಪೊಲೀಸರು ಆ ಕಾಲಂ ತುಂಬಲೇಬೇಕಿತ್ತು. ಊರು ಕೇರಿ ಗೊತ್ತಿಲ್ಲದ ಮನುಷ್ಯ. ಸೇದುತ್ತಿದ್ದನಾ ಅಂತ ಯಾರನ್ನೋ ಕೇಳುತ್ತಿದ್ದರು, ಹೌದು ಅಂದರೆ ಬರೆದುಬಿಡುತ್ತಿದ್ದರು. ಆಸ್ಪತ್ರೆಯವರು ಅದನ್ನೇ ನಕಲು ಮಾಡುತ್ತಿದ್ದರು. ಸರಿಯಾಗಿ ವಿಚಾರಿಸಿದಾಗ ಅಂಥ ಕೇಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಿಲ್ಲಲಿಲ್ಲ. ನಮ್ಮ ಧಾರವಾಡದಲ್ಲೂ ಆಗ ಅಂಥದೊಂದು ಆಸ್ಪತ್ರೆ ಇತ್ತು. ಇವತ್ತಿನ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಯ ಮೂಲ ಅದೇ. ಅದರ ಮುಂದೆ ಹಾದುಹೋಗುವಾಗ ಆ ಕಾಲಂ ನನಗೆ ನೆನಪಾಗುತ್ತದೆ. ಈಗ ಅದನ್ನು ತುಂಬುವ ಕೆಲಸ ಪೇಪರಿನ ತಲೆಬರಹಕ್ಕೆ ಬಂದಿದೆ.

ಇನ್ನು ಫೋಟೊ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 24ನೇ ಸೆಕ್ಷನ್ ಓದಿ. ಚಿಕಿತ್ಸೆಯಲ್ಲಿರುವ ರೋಗಿಯ ಫೋಟೊ, ವಿವರ ಏನನ್ನೂ ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಮದ್ಯ, ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳೂ ಈ ಕಾಯ್ದೆಯ ಪ್ರಕಾರ ಮಾನಸಿಕ ಕಾಯಿಲೆಯೇ. 2019ರಲ್ಲಿ ಭಾರತೀಯ ಪತ್ರಿಕಾ ಮಂಡಳಿಯೂ ಇದನ್ನೇ ಪತ್ರಿಕೆಗಳಿಗೆ ಹೇಳಿತು. ಹುಡುಗ 18ರ ಒಳಗಿದ್ದರೆ ಹೆಸರು, ಶಾಲೆ, ಮನೆ ಯಾವುದರ ಸುಳಿವೂ ಬರಬಾರದು. ಅದು ಬಾಲನ್ಯಾಯ ಕಾಯ್ದೆ. ಮುಖ ಮಸುಕು ಮಾಡಿದರೆ ಸಾಕು ಅಂತ ಕೆಲವರು ಅಂದುಕೊಂಡಿದ್ದಾರೆ. ಓಣಿಯವರು ಅಂಗಿ ನೋಡಿಯೇ ಗುರುತು ಹಿಡಿಯುತ್ತಾರೆ. ನನ್ನ ರೋಗಿಯೊಬ್ಬ ಆ ಅಂಗಿ ಸುಟ್ಟುಹಾಕಿದ್ದ.

ಗಾಂಜಾ ಸೇದುವುದು ಅಪರಾಧ ಅಲ್ವಾ ಅಂತ ನೀವು ಕೇಳಬಹುದು. ಹೌದು, 1985ರ ಮಾದಕ ವಸ್ತುಗಳ ಕಾಯ್ದೆಯಲ್ಲಿ (ಎನ್‌ಡಿಪಿಎಸ್) ಸೇವನೆಗೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ಅದೇ ಕಾಯ್ದೆಯಲ್ಲಿ 64ಎ ಅಂತ ಇನ್ನೊಂದು ಸೆಕ್ಷನ್ ಇದೆ. ಚಟಕ್ಕೆ ಬಿದ್ದವರು ತಾವಾಗಿಯೇ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಇರುವ ಕಡೆ ಚಿಕಿತ್ಸೆಗೆ ಸೇರಿ ಪೂರ್ತಿ ಮುಗಿಸಿದರೆ, ಸೇವನೆ ಮತ್ತು ಸಣ್ಣ ಪ್ರಮಾಣದ ಕೇಸಿನಲ್ಲಿ ಅವರ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಎಷ್ಟು ತಂದೆ ತಾಯಿಗೆ ಇದು ಗೊತ್ತು? ಮಗನನ್ನು ಆಸ್ಪತ್ರೆಗೆ ತಂದರೆ ಪೊಲೀಸರು ಹಿಡಿಯುತ್ತಾರೆ ಅಂತ ಹೆದರಿ ವರ್ಷಗಟ್ಟಲೆ ಮುಚ್ಚಿಟ್ಟವರನ್ನು ನಾನು ನೋಡಿದ್ದೇನೆ. ಇದನ್ನು ಒಮ್ಮೆ ದೊಡ್ಡದಾಗಿ ಬರೆಯಿರಿ.

ಹೇಗೆ ಬರೆಯಬೇಕು ಅಂದಿರಿ. ನಿಮ್ಮ ಸುದ್ದಿಯನ್ನೇ ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ. ತಲೆಬರಹ: ‘ಅಂಗಡಿ ಗಾಜು ಒಡೆದ ಯುವಕ ಆಸ್ಪತ್ರೆಗೆ’. ಕೆಳಗೆ: ‘ಬಸ್ ನಿಲ್ದಾಣದ ಬಳಿ ಮಂಗಳವಾರ ಸಂಜೆ 22 ವರ್ಷದ ಯುವಕನೊಬ್ಬ ಅಂಗಡಿಯ ಗಾಜು ಒಡೆದಿದ್ದಾನೆ. ಯಾರಿಗೂ ಗಾಯವಾಗಿಲ್ಲ. ಆತ ಗಾಂಜಾ ಸೇದಿರಬಹುದು ಎಂದು ಪೊಲೀಸರು ಶಂಕಿಸಿದ್ದಾರೆ. ವೈದ್ಯಕೀಯ ವರದಿ ಇನ್ನೂ ಬಂದಿಲ್ಲ. ಆತನನ್ನು ಆಸ್ಪತ್ರೆಗೆ ದಾಖಲಿಸಲಾಗಿದೆ.’ ಇಷ್ಟೇ. ಯಾರು ಶಂಕಿಸಿದರು, ಯಾವುದು ಇನ್ನೂ ಗೊತ್ತಿಲ್ಲ, ಎರಡೂ ಓದುಗರಿಗೆ ಕಾಣುತ್ತವೆ. ‘ಹುಚ್ಚಾಟ’ ಬೇಕಾಗಲೇ ಇಲ್ಲ ನೋಡಿ. ಆ ಪದವನ್ನು ಒಮ್ಮೆ ಜೋರಾಗಿ ಓದಿ, ಆ ತಾಯಿ ಪಕ್ಕದಲ್ಲಿ ಕೂತಿದ್ದಾರೆ ಅಂದುಕೊಂಡು. ನಿಮ್ಮ ಬಾಯಿಗೆ ಅದು ಬರುವುದಿಲ್ಲ.

ನಮ್ಮೂರ ಸುದ್ದಿಗಳಲ್ಲಿ ಇನ್ನೊಂದು ಅಭ್ಯಾಸ ಇದೆ. ಯಾವ ಗಲ್ಲಿಯಲ್ಲಿ ಸಿಗುತ್ತದೆ, ಪ್ಯಾಕೆಟ್‌ಗೆ ಎಷ್ಟು ರೂಪಾಯಿ, ಕೋಡ್ ಹೆಸರೇನು, ಎಲ್ಲ ಬರೆಯುತ್ತಾರೆ. ‘ವಿದ್ಯಾಕಾಶಿಯಲ್ಲಿ ಗಾಂಜಾ ಘಾಟು’ ಸರಣಿಗಳಲ್ಲಿ ಇದು ತುಂಬಾ. ಬಿಡಲು ಒದ್ದಾಡುತ್ತಿದ್ದ ಹುಡುಗನೊಬ್ಬ ನನಗೆ ಹೇಳಿದ್ದ: ಹಳೇ ಜಾಗ ಬಂದ್ ಆಗಿತ್ತು, ಹೊಸ ಜಾಗ ಪೇಪರಿನಲ್ಲಿ ಓದಿ ಗೊತ್ತಾಯಿತು ಅಂತ. ಗಾಂಜಾ ಬಿಟ್ಟ ಮೊದಲ ವಾರ ನಿದ್ದೆ ಬರುವುದಿಲ್ಲ, ಸಿಟ್ಟು ಬರುತ್ತದೆ, ಊಟ ಸೇರುವುದಿಲ್ಲ. ಎರಡು ವಾರ ಕಳೆದರೆ ಬಹಳ ಮಟ್ಟಿಗೆ ತಗ್ಗುತ್ತದೆ. ಅವನು ಆ ಪೇಪರು ಓದಿದ್ದು ಬಿಟ್ಟ ಐದನೇ ದಿನ.

ಹೋಳಿ ಬಂದಾಗ ಹುಬ್ಬಳ್ಳಿಯಲ್ಲಿ ಭಂಗಿ ಸುದ್ದಿಯೂ ಬರುತ್ತದೆ. ಭಂಗಿ ಎಲೆ, ಗಾಂಜಾ ಹೂವಿನ ತುದಿ. ಕಾಯ್ದೆ ಎರಡನ್ನೂ ಒಂದೇ ಅಂತ ನೋಡುವುದಿಲ್ಲ, ನೀವೂ ಬೆರೆಸಬೇಡಿ. ಆದರೆ ಓದುಗರಿಗೆ ಒಂದು ಎಚ್ಚರಿಕೆ ಕೊಡಿ. ಹೊಟ್ಟೆಗೆ ಹೋದದ್ದು ಏರಲು ಒಂದೆರಡು ತಾಸು ಬೇಕು. ಏರಲಿಲ್ಲ ಅಂತ ಮತ್ತೊಂದು ಲೋಟ ಕುಡಿದವರೇ ರಾತ್ರಿ ಗಾಬರಿಯಾಗಿ ಆಸ್ಪತ್ರೆಗೆ ಬರುತ್ತಾರೆ.

ಸುದ್ದಿಯ ಕೊನೆಯಲ್ಲಿ ಎರಡು ನಂಬರ್ ಹಾಕಿ. ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ. ವ್ಯಸನ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446. ಜಾಗ ಇಲ್ಲ ಅಂತ ಡೆಸ್ಕಿನವರು ಇದನ್ನೇ ಮೊದಲು ಕತ್ತರಿಸುತ್ತಾರೆ. ಬಿಡಬೇಡಿ, ಜಗಳ ಆಡಿಯಾದರೂ ಉಳಿಸಿ.

ಈಗ ಆ ತಾಯಿಯ ಫೋನ್ ವಿಷಯ. ನಾಳೆಯೇ ಸಂಪಾದಕರ ಹತ್ತಿರ ಹೋಗಿ. ಸುದ್ದಿಯನ್ನು ಪೂರ್ತಿ ಅಳಿಸಲು ಅವರು ಒಪ್ಪಲಿಕ್ಕಿಲ್ಲ. ಫೋಟೊ ತೆಗೆಸಿ, ಊರಿನ ಹೆಸರು, ಗುರುತು ಹತ್ತುವ ವಿವರ ತೆಗೆಸಿ, ತಲೆಬರಹ ಬದಲಿಸಿ ಅಂತ ಕೇಳಿ. ಕೆಳಗೆ ತಾರೀಖು ಹಾಕಿ, ‘ಘಟನೆಗೆ ಗಾಂಜಾ ಕಾರಣ ಎಂಬುದು ದೃಢಪಟ್ಟಿಲ್ಲ’ ಅಂತ ಒಂದು ಸಾಲು ಸೇರಿಸಲಿ. ಸಾಮಾಜಿಕ ಜಾಲತಾಣದಲ್ಲಿ ನಿಮ್ಮವರು ಹಾಕಿದ ಕಾರ್ಡ್ ಇದ್ದರೆ ಅದನ್ನೂ ತೆಗೆಸಿ. ಜನ ಜಾಸ್ತಿ ನೋಡಿರುವುದು ಅದನ್ನೇ.

ಆಮೇಲೆ ನೀವೇ ಫೋನ್ ಮಾಡಿ ಹೇಳಿ, ಏನೇನು ಬದಲಾಯಿತು ಅಂತ. ಸುದ್ದಿಗಾಗಿ ಏನನ್ನೂ ಕೇಳಬೇಡಿ. ಹುಡುಗ ಗುಳಿಗೆ ತಗೊಳ್ತಿದ್ದಾನಾ ಅಂತ ಮಾತ್ರ ಕೇಳಿ. ಬಿಟ್ಟಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಬೆಳಿಗ್ಗೆಯೇ ಕರೆದುಕೊಂಡು ಹೋಗಲಿ. ಹಳೇ ಚೀಟಿ, ಗುಳಿಗೆಯ ಖಾಲಿ ಪಟ್ಟಿ ಜೊತೆಗೆ ಒಯ್ಯಲು ಹೇಳಿ. ಪೇಪರ್ ಕಟಿಂಗ್ ಏನೂ ಬೇಡ ಅಂತಲೂ ಹೇಳಿ.